ನಲವತ್ತೈದು ದಾಟಿದ ನಟಿಯ ಕೆಲಸ: ಮಂಡಿ, ಗಂಟಲು, ಕ್ಯಾಲೆಂಡರ್

ನಾಯಕಿಯ ಪಾತ್ರದಿಂದ ಅಮ್ಮನ ಪಾತ್ರಕ್ಕೆ ನಮ್ಮ ಕೆಲಸದಲ್ಲಿ ಬಹಳ ದೂರವಿಲ್ಲ. ಬೆಳ್ತಂಗಡಿಯ ಲೀಲಾವತಿ 1960ರ ‘ರಾಣಿ ಹೊನ್ನಮ್ಮ’ದಲ್ಲಿ ರಾಜ್‌ಕುಮಾರ್‌ಗೆ ನಾಯಕಿ, ಮುಂದೆ ವರ್ಷಗಟ್ಟಲೆ ತಾಯಿ, ಅತ್ತೆಯ ಪಾತ್ರಗಳಲ್ಲೇ ದುಡಿದರು. ಮಂಗಳೂರಿನ ನಾಟಕ ತಂಡಗಳಲ್ಲೂ ತನ್ನದೇ ಪ್ರಾಯದ ನಟನಿಗೆ ಅಮ್ಮನಾಗುವುದು ಮಾಮೂಲು. ಅದಕ್ಕೆ ಮುಖ ಸಣ್ಣ ಮಾಡಿಕೊಂಡು ಫಲವಿಲ್ಲ. ಪಾತ್ರ ಬದಲಾದಾಗ ತಯಾರಿಯೂ ಬದಲಾಗಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಮುದುಕಿ ಎಂದ ಕೂಡಲೇ ಬೆನ್ನು ಬಗ್ಗಿಸಿ ಧ್ವನಿ ನಡುಗಿಸುವವರೇ ಹೆಚ್ಚು. ಬೆನ್ನು ಬಗ್ಗಿದರೆ ಗದ್ದ ಎದೆಗೆ ತಾಗುತ್ತದೆ, ಉಸಿರು ಮೇಲೇ ನಿಲ್ಲುತ್ತದೆ, ಮಾತು ಮೈಕಿಗೆ ಸಿಗದೆ ನೆಲಕ್ಕೆ ಬೀಳುತ್ತದೆ. ಪ್ರಾಯ ಕಾಣುವುದು ಗಂಟುಗಳಲ್ಲಿ. ಉಡುಪಿಯ ರಥಬೀದಿಯಲ್ಲಿ ಅರ್ಧ ಗಂಟೆ ಕೂತು ನೋಡಿ: ಪ್ರಾಯವಾದವರನ್ನು ಹಿಂದಿನಿಂದ ಕರೆದರೆ ಕುತ್ತಿಗೆಯೊಂದೇ ತಿರುಗುವುದಿಲ್ಲ, ಭುಜವೂ ಜೊತೆಗೆ ಬರುತ್ತದೆ. ಕೂರುವ ಮೊದಲು ಮೀನಖಂಡಕ್ಕೆ ಕಟ್ಟೆ ತಾಗಿತೇ ಎಂದು ಕಾಲಲ್ಲೇ ತಡವುತ್ತಾರೆ. ಏಳುವಾಗ ಮೊದಲು ಕೈ ತೊಡೆಯ ಮೇಲೆ, ಆಮೇಲೆ ಎದೆ ಮುಂದಕ್ಕೆ, ಕೊನೆಗೆ ಮಂಡಿ. ಇವುಗಳಲ್ಲಿ ಒಂದನ್ನೇ ಆರಿಸಿ ನಾಟಕ ಮುಗಿಯುವವರೆಗೆ ಬಿಡದೆ ಹಿಡಿದುಕೊಂಡರೆ ಸಾಕು. ಮೂರನ್ನೂ ಹಾಕಿದರೆ ನಕಲಿಯಾಗುತ್ತದೆ.

ನಿಜವಾಗಿಯೂ ಮಂಡಿ ನೋವಿರುವವರು ಅದನ್ನು ಮೊದಲ ರಿಹರ್ಸಲ್‌ನಲ್ಲೇ ನಿರ್ದೇಶಕರಿಗೆ ಹೇಳಬೇಕು. ಕಾಲು ಹಿಡಿದು ಅಳುವ ದೃಶ್ಯವಿದ್ದರೆ ಕೈಗೆಟುಕುವಲ್ಲಿ ಒಂದು ಸ್ಟೂಲೋ ಕಂಬವೋ ಇರಲಿ. ನಾಟಕದ ದಿನ ಹೇಳಿದರೆ ಸೆಟ್ಟು ಬದಲಾಗುವುದಿಲ್ಲ, ನಿಮ್ಮ ಬದಲು ಇನ್ನೊಬ್ಬರು ಬರುತ್ತಾರೆ.

ಕೂದಲು ನರೆಸಲು ಟಾಲ್ಕಂ ಪೌಡರ್ ಬೇಡ. ನಮ್ಮ ಸೆಕೆಗೆ ಅರ್ಧ ಗಂಟೆಯಲ್ಲಿ ಬೆವರು ಸೇರಿ ಗಂಜಿಯಾಗುತ್ತದೆ, ಉಳಿದದ್ದು ರವಿಕೆಯ ಭುಜದ ಮೇಲೆ. ಹಳೆಯ ಟೂತ್‌ಬ್ರಶ್ಶಿಗೆ ಬಿಳಿ ಪ್ಯಾನ್‌ಕೇಕ್ ಬಣ್ಣ ತಾಗಿಸಿ, ಒಂದು ಸಲ ಬಟ್ಟೆಗೆ ಒರೆಸಿ, ಕಿವಿಯ ಮೇಲಿಂದ ಹಿಂದಕ್ಕೆ ನಾಲ್ಕೈದು ಎಳೆ ಎಳೆದರೆ ಟ್ಯೂಬ್‌ಲೈಟಿನಲ್ಲೂ ಸಹಜವಾಗಿ ಕಾಣುತ್ತದೆ. ಮುಖಕ್ಕೆ ಮೊದಲು ಬಟ್ಟೆಯಲ್ಲಿ ಸುತ್ತಿದ ಐಸ್, ಆಮೇಲೆ ತೆಳು ಬಣ್ಣ. ದಪ್ಪ ಬಣ್ಣ ಸುಕ್ಕನ್ನು ಮುಚ್ಚುವುದಿಲ್ಲ. ಬೆವರಿದಾಗ ಸುಕ್ಕಿನೊಳಗೆ ಇಳಿದು ಗೆರೆಯನ್ನು ಇನ್ನೂ ಎತ್ತಿ ತೋರಿಸುತ್ತದೆ. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಮೈ ಇದ್ದಕ್ಕಿದ್ದಂತೆ ಬಿಸಿಯೇರುವವರು ನೈಲಾನ್ ಲಂಗ ಬಿಟ್ಟು ಹತ್ತಿಯದ್ದೇ ಉಡಬೇಕು, ಬೇರೊಂದು ರವಿಕೆ ಜೊತೆಗಿರಬೇಕು.

ಅದೇ ಹೊತ್ತಿಗೆ ಧ್ವನಿಯೂ ತುಸು ಕೆಳಗಿಳಿಯುತ್ತದೆ, ಗಂಟಲು ಬೇಗ ಒಣಗುತ್ತದೆ. ಹಾರ್ಮೋನುಗಳ ಏರುಪೇರು ಇದಕ್ಕೆ ಕಾರಣ, ಅಭ್ಯಾಸ ತಪ್ಪಿದ್ದಲ್ಲ. ಹಳೆಯ ಶ್ರುತಿಯಲ್ಲೇ ಹಾಡುತ್ತೇನೆ ಎಂದು ಹಟ ಹಿಡಿದರೆ ಗಂಟಲು ಬಿಗಿದು ಎರಡನೇ ಅಂಕಕ್ಕೆ ಒಡೆಯುತ್ತದೆ. ಹಾರ್ಮೋನಿಯಂನವರಲ್ಲಿ ಶ್ರುತಿಯನ್ನು ಒಂದು ಮನೆ (ಒಂದು ಕೀಲಿಯಷ್ಟು) ಇಳಿಸಲು ಹೇಳುವುದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ. ಜಾತ್ರೆಯ ನಾಟಕ ರಾತ್ರಿ ಒಂಬತ್ತೂವರೆಗಿದ್ದರೆ ಆರೂವರೆಗೆ ಗಂಜಿ, ಚಟ್ನಿ, ಅಷ್ಟೇ. “ಊಟ ಮಾಡಿಯೇ ಬಣ್ಣ ಹಚ್ಚಿ ಅಕ್ಕ” ಎಂದು ಸಂಘಟಕರು ಒತ್ತಾಯಿಸುತ್ತಾರೆ. ಪ್ರೀತಿಯೇ, ಆದರೆ ತುಂಬಿದ ಹೊಟ್ಟೆಯಿಂದ ಹುಳಿ ಮೇಲೆ ಬಂದರೆ ಗಂಟಲು ಕಟ್ಟುತ್ತದೆ. ಗೋಳಿಬಜೆಯ ಆಸೆ ಮರುದಿನಕ್ಕಿರಲಿ.

ಮಾತು ಬಾಯಿಪಾಠ ಮಾಡುವಾಗ ಎದುರಿನವರ ಕೊನೆಯ ಮೂರು ನಾಲ್ಕು ಪದ, ತನ್ನ ಮೊದಲ ಪದ, ಇವೆರಡನ್ನು ಕೊಂಡಿ ಹಾಕಿ. ಸ್ಮರಣೆ ಕೈಕೊಡುವುದು ಹೆಚ್ಚಾಗಿ ಆ ಸಂದಿಯಲ್ಲೇ. ಎದುರಿನವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ತನ್ನ ಮಾತಿನ ಜಾಗ ಖಾಲಿ ಬಿಟ್ಟು, ಅಡುಗೆಮನೆಯಲ್ಲಿ ಕೇಳುತ್ತಾ ಉತ್ತರ ಕೊಡಬಹುದು. ಭಾವ ಹಾಕಿ ರೆಕಾರ್ಡ್ ಮಾಡಬೇಡಿ; ಆ ರಾಗವೇ ಕಿವಿಯಲ್ಲಿ ಕೂತು ವೇದಿಕೆಯಲ್ಲಿ ಎದುರಿನವರು ಬೇರೆ ರೀತಿ ಹೇಳಿದಾಗ ತಡವರಿಸುತ್ತೀರಿ.

ಇನ್ನು ಸಂಸಾರ. ನಮ್ಮೂರಿನ ಕಷ್ಟ ಏನೆಂದರೆ ಮದುವೆ, ಕೋಲ, ನೇಮ, ಜಾತ್ರೆ, ಶಾಲಾ ವಾರ್ಷಿಕೋತ್ಸವ ಎಲ್ಲವೂ ಮಳೆಯಿಲ್ಲದ ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗಿನ ತಿಂಗಳುಗಳಲ್ಲೇ. ನಾಟಕವೂ ಆಗಲೇ. ಹಾಗಾಗಿ ಮನೆಯವರೊಂದಿಗೆ ಜಗಳವಾದರೆ ಅದು ಯಾರೊಬ್ಬರ ತಪ್ಪೂ ಅಲ್ಲ. ಒಂದೇ ಕ್ಯಾಲೆಂಡರಿನಲ್ಲಿ ತರವಾಡಿನ, ಎಂದರೆ ಕುಟುಂಬದ ಮೂಲಮನೆಯ ದಿನಗಳನ್ನು ಮೊದಲು ಗುರುತು ಹಾಕಿ, ಆಮೇಲೆ ತಂಡಕ್ಕೆ ದಿನ ಕೊಡಿ. ಕೊಟ್ಟ ಮೇಲೆ ಮಾತ್ರ ನಾದಿನಿಯ ಮಗಳ ಸೀಮಂತವೇ ಬಂದರೂ ಕದಲಬಾರದು. ಒಬ್ಬರು ತಪ್ಪಿದರೆ ಇಡೀ ತಂಡದ ಆ ರಾತ್ರಿಯ ಸಂಭಾವನೆ ಹೋಗುತ್ತದೆ. ಕಣ್ಣು, ಹಲ್ಲು, ಮೂಳೆಯ ಪರೀಕ್ಷೆಗೆ ಜುಲೈ-ಆಗಸ್ಟಿನ ಮಳೆಗಾಲದ ಆಟಿ ತಿಂಗಳು ಸರಿ, ಆಗ ಶುಭಕಾರ್ಯಗಳೂ ಇಲ್ಲ, ನಾಟಕವೂ ಇಲ್ಲ. ವಾಪಸು ಬರುವ ಗಾಡಿ ಯಾರದ್ದು, ಮನೆ ಬಾಗಿಲವರೆಗೆ ಬಿಡುತ್ತಾರೆಯೇ ಎಂಬುದನ್ನು ಒಪ್ಪಿಕೊಳ್ಳುವಾಗಲೇ ಕೇಳಿ.

ರಾತ್ರಿ ಓಡಾಟ ಇನ್ನು ಆಗದು ಎನ್ನುವವರಿಗೆ ಬಾನುಲಿ ನಾಟಕವಿದೆ. ಮಂಗಳೂರು ಆಕಾಶವಾಣಿಯ ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಲ್ಲಿ ಮಂಡಿ, ನರೆ ಯಾವುದೂ ಲೆಕ್ಕಕ್ಕಿಲ್ಲ, ಉಸಿರಿನ ಸದ್ದು ಮಾತ್ರ ದೊಡ್ಡದಾಗಿ ಕೇಳುತ್ತದೆ. ಸ್ಕ್ರಿಪ್ಟಿನ ಪಿನ್ ತೆಗೆದು ಹಾಳೆ ಬಿಡಿಬಿಡಿಯಾಗಿಟ್ಟುಕೊಳ್ಳಿ; ಓದಿ ಮುಗಿದದ್ದನ್ನು ಮಗುಚದೆ ಮೆಲ್ಲಗೆ ಬದಿಗೆ ಜಾರಿಸಿ. ಓದುವ ಕನ್ನಡಕದ ಸರ ಗುಂಡಿಗೆ ತಾಗಿ ಟಿಕ್ ಎನ್ನುತ್ತದೆ, ಅದನ್ನೂ ಹೊರಗೇ ಬಿಚ್ಚಿಟ್ಟು ಹೋಗಿ.