ಕೈಬಿಟ್ಟಷ್ಟು ಸಲವೂ ತಂಡಕ್ಕೆ ಮರಳಿದ ಮೊಹಿಂದರ್ ಅಮರನಾಥ್

ಕರ್ನಾಟಕದ ಹಳೇ ಕ್ರಿಕೆಟ್ ಅಭಿಮಾನಿಗಳ ಹತ್ತಿರ 1982ರ ರಣಜಿ ಫೈನಲ್ ವಿಷಯ ಎತ್ತಿ ನೋಡಿ. ಇವತ್ತಿಗೂ ಹೊಟ್ಟೆ ಉರಿಸಿಕೊಳ್ಳುತ್ತಾರೆ. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ನಮ್ಮವರು ಮೊದಲು ಬ್ಯಾಟ್ ಮಾಡಿ 705 ರನ್ ಹೊಡೆದಿದ್ದರು. ಬ್ರಿಜೇಶ್ ಪಟೇಲ್, ಕಿರ್ಮಾನಿ, ರೋಜರ್ ಬಿನ್ನಿ, ಖಾನ್ವಿಲ್ಕರ್ ನಾಲ್ಕೂ ಜನರದ್ದು ಸೆಂಚುರಿ. ಅಷ್ಟು ಹೊಡೆದ ಮೇಲೆ ಕಪ್ ನಮ್ಮದೇ ಅಂತ ಯಾರಿಗಾದರೂ ಅನ್ನಿಸುತ್ತೆ ಅಲ್ವಾ? ದೆಹಲಿ 8 ವಿಕೆಟ್‌ಗೆ 707 ಮಾಡಿ, ಮೊದಲ ಇನಿಂಗ್ಸ್ ಮುನ್ನಡೆಯ ಲೆಕ್ಕದಲ್ಲಿ ಕಪ್ ಎತ್ತಿಕೊಂಡು ಹೋಯಿತು. ಕೊನೆಯಲ್ಲಿ ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಗಟ್ಟಿಯಾಗಿ ನಿಂತಿದ್ದನ್ನೇ ಎಲ್ಲರೂ ಹೇಳುತ್ತಾರೆ. ಅವರು ಬರುವ ಹೊತ್ತಿಗೆ ದೆಹಲಿಯನ್ನು ಅಲ್ಲಿಯ ತನಕ ತಂದು ನಿಲ್ಲಿಸಿದ್ದು ಮೊಹಿಂದರ್ ಅಮರನಾಥ್ ಅವರ 185 ರನ್.

ಆಗ ಅವರಿಗೆ 31 ವರ್ಷ. ಭಾರತ ತಂಡದಿಂದ ಹೊರಬಿದ್ದು ಎರಡು ವರ್ಷ ದಾಟಿತ್ತು. ಇನ್ನು ಇವರ ಕಥೆ ಮುಗೀತು ಅಂತ ಬಹಳ ಜನ ತೀರ್ಮಾನ ಮಾಡಿಬಿಟ್ಟಿದ್ದರು. ಅದಾಗಿ ಒಂದೂಕಾಲು ವರ್ಷಕ್ಕೆ ಅದೇ ಮನುಷ್ಯ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್‌ನ ಪಂದ್ಯಶ್ರೇಷ್ಠ! ಈ ಒಂದೂಕಾಲು ವರ್ಷದ ಬಗ್ಗೆ ಬರೆಯಬೇಕು ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು. ಯಾಕೆಂದರೆ ಅಮರನಾಥ್ ಅಂದ ಕೂಡಲೇ ಎಲ್ಲರೂ ಧೈರ್ಯ, ಗಂಡೆದೆ, ಪೆಟ್ಟು ತಿಂದರೂ ಎದ್ದು ಬಂದವರು ಅಂತ ಶುರು ಮಾಡುತ್ತಾರೆ. ಧೈರ್ಯ ಇತ್ತು, ಖಂಡಿತ ಇತ್ತು. ಆದರೆ ಧೈರ್ಯ ಮೊದಲೂ ಇತ್ತಲ್ಲ? ಆಗ ತಂಡದಿಂದ ಹೊರಗೆ ಹೋಗಿದ್ದು ಹೇಗೆ? ವಾಪಸ್ ಕರೆತಂದಿದ್ದು ಬೇರೇನೋ ಇದೆ ಅನ್ನೋದು ನನ್ನ ವಾದ.

ಸ್ವಲ್ಪ ಹಿಂದಕ್ಕೆ ಹೋಗೋಣ. ಅಪ್ಪ ಲಾಲಾ ಅಮರನಾಥ್, ಭಾರತದ ಪರ ಟೆಸ್ಟ್‌ನಲ್ಲಿ ಮೊದಲ ಸೆಂಚುರಿ ಹೊಡೆದವರು, 1933ರಲ್ಲಿ. 1936ರ ಇಂಗ್ಲೆಂಡ್ ಪ್ರವಾಸದ ಮಧ್ಯದಲ್ಲೇ ಅಶಿಸ್ತು ಅಂತ ಅವರನ್ನು ಊರಿಗೆ ವಾಪಸ್ ಕಳಿಸಿದ್ದರು. ಅದೇ ಲಾಲಾ 1947ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಭಾರತ ತಂಡದ ಕ್ಯಾಪ್ಟನ್. ಅಣ್ಣ ಸುರಿಂದರ್ ಕೂಡ ಟೆಸ್ಟ್ ಆಡಿದವರು. ಇಂಥ ಮನೆಯಿಂದ ಬಂದ ಮೊಹಿಂದರ್, ಎಲ್ಲರ ಬಾಯಲ್ಲಿ ಜಿಮ್ಮಿ, 19ನೇ ವಯಸ್ಸಿಗೆ 1969ರ ಡಿಸೆಂಬರ್‌ನಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದರು. ಅದೂ ಹೊಸ ಚೆಂಡು ಹಿಡಿದು. ಎರಡನೇ ಇನಿಂಗ್ಸ್‌ನಲ್ಲಿ ಸ್ಟ್ಯಾಕ್‌ಪೋಲ್, ಇಯಾನ್ ಚಾಪೆಲ್ ಇಬ್ಬರನ್ನೂ ಬೌಲ್ಡ್ ಮಾಡಿದರು. ಆ ಕಡೆಯಿಂದ ನಮ್ಮ ಪ್ರಸನ್ನ ಸೇರಿಕೊಂಡು ಆಸ್ಟ್ರೇಲಿಯಾ 24ಕ್ಕೆ 6. ಎಂಥ ಆರಂಭ! ಮುಂದಿನ ಟೆಸ್ಟ್ ಸಿಕ್ಕಿದ್ದು ಯಾವಾಗ ಗೊತ್ತಾ? 1976ರ ಜನವರಿಯಲ್ಲಿ. ಆರು ವರ್ಷ.

ಆ ಆರು ವರ್ಷದಲ್ಲಿ ಬೌಲರ್ ಆಗಿ ಹೋದವರು ಬ್ಯಾಟ್ಸ್‌ಮನ್ ಆಗಿ ಬಂದರು. ಅದೇ ವರ್ಷ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 403ರ ಗುರಿ ಮುಟ್ಟಿದ್ದು ಕೇಳಿರುತ್ತೀರಿ. ಗವಾಸ್ಕರ್ 102, ನಮ್ಮ ವಿಶಿ (ಜಿ.ಆರ್. ವಿಶ್ವನಾಥ್) 112. ಮಧ್ಯದಲ್ಲಿ ಗಂಟೆಗಟ್ಟಲೆ ಒಂದು ತುದಿ ಹಿಡಿದುಕೊಂಡು 85 ಮಾಡಿದ್ದು ಅಮರನಾಥ್. ವಿಶಿ ಜೊತೆ 159 ರನ್ ಸೇರಿಸಿದರು. ಅಲ್ಲಿಂದ ಕಿಂಗ್‌ಸ್ಟನ್‌ಗೆ ಹೋದರೆ ವೆಸ್ಟ್ ಇಂಡೀಸ್‌ನವರು ಸೋತ ಸಿಟ್ಟನ್ನು ಮೈಮೇಲೆ ತೀರಿಸಿಕೊಂಡರು. ಗಾಯಕ್ವಾಡ್ ಕಿವಿಗೆ ಪೆಟ್ಟು, ಬ್ರಿಜೇಶ್ ಬಾಯಿಗೆ ಪೆಟ್ಟು, ವಿಶಿ ಬೆರಳಿಗೆ ಪೆಟ್ಟು. ಎರಡನೇ ಇನಿಂಗ್ಸ್‌ನಲ್ಲಿ ಬ್ಯಾಟ್ ಹಿಡಿಯುವ ಸ್ಥಿತಿಯಲ್ಲಿ ಅರ್ಧ ತಂಡವೇ ಇರಲಿಲ್ಲ. 97ಕ್ಕೆ ಮುಗಿಯಿತು. ಆ 97ರಲ್ಲಿ 60 ಅಮರನಾಥ್ ಒಬ್ಬರದ್ದೇ.

ಮುಂದೆ 1977ರಲ್ಲಿ ಪರ್ತ್‌ನಲ್ಲಿ 90 ಮತ್ತು 100. ಅಲ್ಲೂ ಜೆಫ್ ಥಾಮ್ಸನ್ ಚೆಂಡು ದವಡೆಗೆ ಬಡಿದು ಊಟಕ್ಕೆ ಬರೀ ಐಸ್‌ಕ್ರೀಂ ತಿನ್ನಬೇಕಾಯಿತಂತೆ.

ಆಮೇಲೆ ಕೆಟ್ಟ ಕಾಲ ಬಂತು. 1979ರ ಇಂಗ್ಲೆಂಡ್ ಪ್ರವಾಸದಲ್ಲಿ ನಾಟಿಂಗ್‌ಹ್ಯಾಮ್‌ಷೈರ್ ವಿರುದ್ಧ ಆಡುವಾಗ ರಿಚರ್ಡ್ ಹ್ಯಾಡ್ಲಿ ಬೌನ್ಸರ್ ತಲೆಗೆ ಬಿತ್ತು. ಬುರುಡೆಯಲ್ಲಿ ಸಣ್ಣ ಬಿರುಕು. ಗುಣವಾಗಿ ಅದೇ ವರ್ಷ ಕೊನೆಗೆ ಬಾಂಬೆಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಲು ಬಂದಾಗ ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ, ಬ್ರಿಟಿಷರ ಕಾಲದ ಸಾಹೇಬರು ಹಾಕುತ್ತಿದ್ದರಲ್ಲ, ಆ ಥರದ ಸೋಲಾ ಟೋಪಿ ಇತ್ತು. ರಾಡ್ನಿ ಹಾಗ್ ಸುಮ್ಮನೆ ಬಿಡುತ್ತಾರಾ? ಬೌನ್ಸರ್ ಹಾಕಿದರು. ಹುಕ್ ಮಾಡಲು ಹೋಗಿ ಅಮರನಾಥ್ ಸ್ಟಂಪ್ಸ್ ಮೇಲೇ ಬಿದ್ದು ಹಿಟ್ ವಿಕೆಟ್ ಆದರು. ತಂಡದ ಬಾಗಿಲು ಮುಚ್ಚಿತು. ಮುಂದಿನ ಟೆಸ್ಟ್‌ಗೆ ಮೂರು ವರ್ಷ.

ಈಗ ಗಾಯವಾದರೆ ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಗೆ ಕಳಿಸುತ್ತಾರೆ. ಫಿಸಿಯೋ, ಟ್ರೈನರ್, ವಿಡಿಯೋ ನೋಡಿ ತಪ್ಪು ಹುಡುಕುವವರು ಎಲ್ಲಾ ಅಲ್ಲೇ ಇರುತ್ತಾರೆ. ಹಾರ್ದಿಕ್ ಪಾಂಡ್ಯ ಬೆನ್ನಿನ ಆಪರೇಷನ್ ಆದಮೇಲೆ ಮತ್ತೆ ಬೌಲ್ ಮಾಡುವಂತಾಗಿದ್ದರ ಹಿಂದೆ ಎಷ್ಟು ಜನರ ಕೆಲಸ ಇದೆ ಯೋಚಿಸಿ. ಅದನ್ನು ಕಮ್ಮಿ ಅಂತ ಹೇಳುತ್ತಿಲ್ಲ, ಎಲ್ಲ ಆಟಗಾರರಿಗೂ ಅದು ಸಿಗಲೇಬೇಕು. ಆದರೆ 1980ರಲ್ಲಿ ಅದ್ಯಾವುದೂ ಇರಲಿಲ್ಲ. ತಂಡದಿಂದ ತೆಗೆದರೆ ತೆಗೆದರು, ಅಷ್ಟೇ. ರಣಜಿ, ದುಲೀಪ್ ಅಂತ ಖಾಲಿ ಸ್ಟ್ಯಾಂಡುಗಳ ಮುಂದೆ ಆಡುತ್ತಾ ಇರಬೇಕು.

ಅಮರನಾಥ್ ಅಲ್ಲಿ ಮಾಡಿದ್ದು ಏನು? ನಿಲ್ಲುವ ಭಂಗಿಯನ್ನೇ ಬದಲಾಯಿಸಿದರು. ಸಾಮಾನ್ಯವಾಗಿ ಬಲಗೈ ಬ್ಯಾಟ್ಸ್‌ಮನ್ ಬೌಲರ್ ಕಡೆ ಎಡ ಭುಜ ತೋರಿಸಿ, ಅಡ್ಡಕ್ಕೆ ನಿಲ್ಲುತ್ತಾನೆ. ಎಲ್ಲ ಕೋಚ್‌ಗಳೂ ಹೇಳಿಕೊಡುವುದು ಅದನ್ನೇ. ಇವರು ಎದೆ ತೆರೆದು ನಿಂತರು. ಎಡಗಾಲು ಸ್ವಲ್ಪ ಲೆಗ್ ಸೈಡ್ ಕಡೆಗೆ, ಎರಡು ಕಣ್ಣೂ ನೇರ ಬೌಲರ್ ಕೈ ಮೇಲೆ. ನೋಡಲು ಚೆಂದ ಇಲ್ಲ ನಿಜ. ಆದರೆ ಅಡ್ಡಕ್ಕೆ ನಿಂತಾಗ ಮೂಗಿನ ಮಟ್ಟಕ್ಕೆ ಏರುವ ಚೆಂಡನ್ನು ಕೊನೇ ಗಳಿಗೆಯಲ್ಲಿ ಕತ್ತು ತಿರುಗಿಸಿ ಹುಡುಕಬೇಕು, ಅಷ್ಟರಲ್ಲಿ ಅದು ಬಂದುಬಿಟ್ಟಿರುತ್ತದೆ. ಎದೆ ತೆರೆದು ನಿಂತರೆ ಚೆಂಡು ಕೈ ಬಿಟ್ಟಾಗಿನಿಂದ ಕಣ್ಣಲ್ಲೇ ಇರುತ್ತದೆ. ಬಗ್ಗಬೇಕಾ, ಬಿಡಬೇಕಾ, ಹೊಡೀಬೇಕಾ ಅಂತ ತೀರ್ಮಾನಿಸಲು ಒಂದಿಷ್ಟು ಹೊತ್ತು ಜಾಸ್ತಿ ಸಿಗುತ್ತದೆ. ಹಿಂಗಾಲ ಮೇಲೆ ತಿರುಗಿ ಹುಕ್ ಹೊಡೆಯಲು ಜಾಗವೂ ಇರುತ್ತದೆ, ಸ್ಟಂಪ್ಸ್ ಮೇಲೆ ಬೀಳುವ ಭಯ ಕಮ್ಮಿ. ಇದರಿಂದ ಆಫ್ ಸೈಡಿನ ಡ್ರೈವ್ ಕಷ್ಟವಾಗುತ್ತದೆ. ಅದನ್ನು ಬಿಟ್ಟುಕೊಟ್ಟು ಇದನ್ನು ಪಡೆದರು. ಹತ್ತು ವರ್ಷಕ್ಕೂ ಹೆಚ್ಚು ದೊಡ್ಡ ಕ್ರಿಕೆಟ್ ಆಡಿದವರು, ಲಾಲಾ ಅವರ ಮಗ, ಮೂವತ್ತು ದಾಟಿದ ಮೇಲೆ ಬ್ಯಾಟ್ ಹಿಡಿದು ನಿಲ್ಲುವುದನ್ನು ಹೊಸದಾಗಿ ಕಲಿಯುವುದಿದೆಯಲ್ಲ, ನನ್ನ ಪ್ರಕಾರ ಅವರ ಇಡೀ ಬದುಕಿನ ದೊಡ್ಡ ಇನಿಂಗ್ಸ್ ಅದೇ.

ಕೋಟ್ಲಾದ 185 ಆದಮೇಲೆ ಆಯ್ಕೆಗಾರರು ಇವರನ್ನು ಜಾಸ್ತಿ ದಿನ ಹೊರಗಿಡಲು ಆಗಲಿಲ್ಲ. 1982ರ ಡಿಸೆಂಬರ್‌ನಲ್ಲಿ ಪಾಕಿಸ್ತಾನಕ್ಕೆ ಹೋದರು. ಆ ಸರಣಿ ಭಾರತಕ್ಕೆ ದುಃಸ್ವಪ್ನ. ಇಮ್ರಾನ್ ಖಾನ್ 6 ಟೆಸ್ಟ್‌ನಲ್ಲಿ 40 ವಿಕೆಟ್ ತೆಗೆದರು, ಭಾರತ 3-0 ಸೋತಿತು. ನಮ್ಮ ವಿಶಿ ಅವರ ಟೆಸ್ಟ್ ಬದುಕು ಅಲ್ಲೇ ಮುಗಿಯಿತು, ಅದನ್ನು ಬರೆಯುವಾಗ ಈಗಲೂ ಬೇಜಾರಾಗುತ್ತದೆ. ಇಷ್ಟರ ಮಧ್ಯೆ ಅಮರನಾಥ್ ವಾಪಸ್ ಬಂದ ಮೊದಲ ಟೆಸ್ಟ್‌ನಲ್ಲೇ ಲಾಹೋರ್‌ನಲ್ಲಿ ಔಟಾಗದೆ 109. ಮತ್ತೆ ಲಾಹೋರ್‌ನಲ್ಲಿ 120, ಕರಾಚಿಯಲ್ಲಿ ಔಟಾಗದೆ 103. ಒಟ್ಟು 584 ರನ್.

ಅಲ್ಲಿಂದ ಬಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ವೆಸ್ಟ್ ಇಂಡೀಸ್. ಹೋಲ್ಡಿಂಗ್, ರಾಬರ್ಟ್ಸ್, ಮಾರ್ಷಲ್, ಗಾರ್ನರ್. ಈ ನಾಲ್ಕು ಹೆಸರು ಒಟ್ಟಿಗೆ ಓದಿದರೇ ಸಾಕು. ಅಮರನಾಥ್ ಸ್ಕೋರು ನೋಡಿ: 29, 40, 58, 117, 13, 91, 80, 54, 116. ಕೂಡಿದರೆ 598. ಒಂದು ಸೊನ್ನೆ ಇಲ್ಲ, ಒಂದಂಕಿ ಇಲ್ಲ. ಪಾಕಿಸ್ತಾನದ್ದೂ ಸೇರಿಸಿದರೆ 11 ಟೆಸ್ಟ್‌ನಲ್ಲಿ 1182 ರನ್, ಎಲ್ಲವೂ ಪರದೇಶದಲ್ಲಿ, ಎಲ್ಲವೂ ಆ ಕಾಲದ ಅತಿ ವೇಗದ ಬೌಲರ್‌ಗಳ ಎದುರು.

ಆ ಪಟ್ಟಿಯಲ್ಲಿರುವ 80 ಬಾರ್ಬಡೋಸ್‌ನದ್ದು. ಮಾರ್ಷಲ್ ಬೌನ್ಸರ್ ಬಾಯಿಗೆ ಬಡಿದು ರಕ್ತ ಸುರಿಯಿತು. ಮೈದಾನದಿಂದ ಆಸ್ಪತ್ರೆಗೆ ಹೋದರು, ಹೊಲಿಗೆ ಹಾಕಿಸಿಕೊಂಡರು, ಮತ್ತೆ ಪ್ಯಾಡ್ ಕಟ್ಟಿಕೊಂಡು ಬಂದರು. ಬಂದವರಿಗೆ ಹೋಲ್ಡಿಂಗ್ ಇನ್ನೊಂದು ಬೌನ್ಸರ್ ಹಾಕಿದರು. ಅದನ್ನೂ ಹುಕ್ ಮಾಡಿ ಬೌಂಡರಿಯಾಚೆ ಕಳಿಸಿದರು. ಧೈರ್ಯದ ಕಥೆ ಅಂತ ಎಲ್ಲರೂ ಹೇಳುವುದು ಇದನ್ನೇ. ನಾನೂ ಹೇಳುತ್ತೇನೆ, ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಆದರೆ ಹೊಲಿಗೆ ಹಾಕಿದ ಬಾಯಿ ಇಟ್ಟುಕೊಂಡು ಸುಮ್ನೆ ಧೈರ್ಯದ ಮೇಲೆ ಹುಕ್ ಹೊಡೆದರೆ ಚೆಂಡು ಮೇಲಕ್ಕೆ ಹೋಗಿ ಫೀಲ್ಡರ್ ಕೈಗೆ ಬೀಳುತ್ತದೆ. ಬೌಂಡರಿಗೆ ಹೋಗಬೇಕಾದರೆ ಚೆಂಡನ್ನು ನೋಡಿರಬೇಕು. ಅವರು ನೋಡಿದ್ದರು.

1983ರ ವಿಶ್ವಕಪ್ ಬಗ್ಗೆ ಬರೆದೂ ಬರೆದೂ ಎಲ್ಲರಿಗೂ ಬಾಯಿಪಾಠ ಆಗಿದೆ, ಹಾಗಾಗಿ ಎರಡು ವಿಷಯ ಮಾತ್ರ. ಒಂದು, ಅವರ ಬೌಲಿಂಗ್. ಓಡಿ ಬರುತ್ತಾ ಬರುತ್ತಾ ವೇಗ ಕಮ್ಮಿ ಮಾಡಿಕೊಂಡು, ಕ್ರೀಸ್ ಹತ್ತಿರ ಹೆಚ್ಚುಕಮ್ಮಿ ನಡೆದುಬಂದು ಚೆಂಡು ಬಿಡುತ್ತಿದ್ದ ಬೌಲರ್ ಇವರು. ಇದರಲ್ಲಿ ಏನಿದೆ ಅಂತ ಅನ್ನಿಸಬೇಕು. ಇಂಗ್ಲೆಂಡಿನ ಆ ಗಾಳಿಗೆ, ಆ ಪಿಚ್‌ಗೆ ಅದೇ ಬೇಕಾಗಿತ್ತು. ಸೆಮಿಫೈನಲ್‌ನಲ್ಲಿ 12 ಓವರ್‌ಗೆ ಬರೀ 27 ರನ್ ಕೊಟ್ಟು ಗೋವರ್, ಗ್ಯಾಟಿಂಗ್ ವಿಕೆಟ್ ತೆಗೆದರು, ಆಮೇಲೆ 46 ರನ್. ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ 76ಕ್ಕೆ 6 ಆದಮೇಲೆ ಡ್ಯುಜಾನ್, ಮಾರ್ಷಲ್ ಸೇರಿ ನಿಧಾನವಾಗಿ ಪಂದ್ಯವನ್ನು ಆ ಕಡೆ ಎಳೆಯುತ್ತಿದ್ದರು. 119ರಲ್ಲಿ ಡ್ಯುಜಾನ್ ಬ್ಯಾಟಿಗೆ ತಾಗಿದ ಚೆಂಡು ಸ್ಟಂಪ್ಸ್‌ಗೆ ಹೋಯಿತು. 124ರಲ್ಲಿ ಮಾರ್ಷಲ್, ಸ್ಲಿಪ್‌ನಲ್ಲಿ ಗವಾಸ್ಕರ್ ಕ್ಯಾಚ್. 140ರಲ್ಲಿ ಹೋಲ್ಡಿಂಗ್ ಎಲ್‌ಬಿಡಬ್ಲ್ಯು. ಡಿಕಿ ಬರ್ಡ್ ಬೆರಳು ಎತ್ತಿದ್ದೇ ತಡ, ಜನ ಮೈದಾನಕ್ಕೆ ನುಗ್ಗಿದರು. 7 ಓವರ್, 12 ರನ್, 3 ವಿಕೆಟ್.

ಎರಡನೆಯದು ಅವರ 26 ರನ್. ಇದನ್ನು ಯಾರೂ ನೆನಪು ಮಾಡಿಕೊಳ್ಳುವುದಿಲ್ಲ, ನನಗೆ ಅದೇ ಕೋಪ. ಗವಾಸ್ಕರ್ 2 ರನ್‌ಗೆ ಹೋದ ಮೇಲೆ ಬಂದು 80 ಚೆಂಡು ಎದುರಿಸಿದರು. ಆ ಕಡೆ ಶ್ರೀಕಾಂತ್ ಬೀಸಿ 38 ಹೊಡೆದರು, ಅದೇ ಆ ಫೈನಲ್‌ನ ಅತಿ ದೊಡ್ಡ ಸ್ಕೋರು. ಈ ಕಡೆ ಒಬ್ಬರು ಮಿಸುಕಾಡದೆ ನಿಂತಿದ್ದಕ್ಕೇ ಆ ಕಡೆ ಬೀಸಲು ಸಾಧ್ಯವಾಗಿದ್ದು. ಬರೀ 183 ರನ್ ಮಾಡಿ ಗೆದ್ದ ಪಂದ್ಯದಲ್ಲಿ ಒಂದೊಂದು ರನ್ನಿಗೂ, ಆಡಿ ತಳ್ಳಿದ ಒಂದೊಂದು ಚೆಂಡಿಗೂ ಬೆಲೆ ಇದೆ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಅದೇ ವರ್ಷ ಚಳಿಗಾಲದಲ್ಲಿ ವೆಸ್ಟ್ ಇಂಡೀಸ್ ಭಾರತಕ್ಕೆ ಬಂತು, ಸೇಡು ತೀರಿಸಿಕೊಳ್ಳಲೇ ಬಂದ ಹಾಗಿತ್ತು. ಮೂರು ಟೆಸ್ಟ್, ಆರು ಇನಿಂಗ್ಸ್, ಅಮರನಾಥ್ ಮಾಡಿದ್ದು ಒಟ್ಟು ಒಂದು ರನ್. ಹೌದು, ಒಂದೇ ಒಂದು. ಕೆಲವೇ ತಿಂಗಳ ಹಿಂದೆ 598 ಹೊಡೆದಿದ್ದು ಇದೇ ತಂಡದ ಮೇಲೆ. ಮತ್ತೆ ಕೈಬಿಟ್ಟರು. ಮತ್ತೆ ಬಂದರು. 1984ರಲ್ಲಿ ಲಾಹೋರ್‌ನಲ್ಲಿ ಔಟಾಗದೆ 101 ಮಾಡಿ ಟೆಸ್ಟ್ ಉಳಿಸಿದರು. ಕ್ಯಾಂಡಿಯಲ್ಲಿ ಔಟಾಗದೆ 116, ಸಿಡ್ನಿಯಲ್ಲಿ 138. ಅವರ 11 ಟೆಸ್ಟ್ ಸೆಂಚುರಿಗಳಲ್ಲಿ 9 ಪರದೇಶದಲ್ಲಿ ಬಂದವು. 69 ಟೆಸ್ಟ್, 4378 ರನ್, ಸರಾಸರಿ 42.50. ಹದಿನೆಂಟು ವರ್ಷದ ಟೆಸ್ಟ್ ಬದುಕಿನಲ್ಲಿ ಆಡಿದ್ದು ಬರೀ 69 ಟೆಸ್ಟ್ ಅನ್ನುವುದೇ ಅವರನ್ನು ಎಷ್ಟು ಹೊರಗೆ ಕೂರಿಸಿದ್ದರು ಅಂತ ಹೇಳುತ್ತದೆ.

1987ರಲ್ಲಿ ನಮ್ಮದೇ ನೆಲದಲ್ಲಿ ವಿಶ್ವಕಪ್ ನಡೆಯಿತು. ಹಿಂದಿನ ಫೈನಲ್‌ನ ಪಂದ್ಯಶ್ರೇಷ್ಠನಿಗೆ ತಂಡದಲ್ಲಿ ಜಾಗ ಇರಲಿಲ್ಲ. ಮರು ವರ್ಷ ನ್ಯೂಜಿಲೆಂಡ್ ಸರಣಿಗೂ ತೆಗೆದಾಗ ಅಮರನಾಥ್ ಬಾಯಿ ಬಿಟ್ಟರು. ಆಯ್ಕೆಗಾರರು ಜೋಕರ್‌ಗಳ ಗುಂಪು ಅಂತ ಎಲ್ಲರೆದುರು ಹೇಳಿಬಿಟ್ಟರು. ಹಾಗೆ ಹೇಳಬಾರದಿತ್ತು ಅನ್ನುವವರು ಇದ್ದಾರೆ. ನಾನಂತೂ ಅಮರನಾಥ್ ಕಡೆಗೇ. ಪ್ರತಿ ಸಲ ತೆಗೆದಾಗಲೂ ಬಾಯಿ ಮುಚ್ಚಿಕೊಂಡು ಹೋಗಿ ಕೆಲಸ ಮಾಡಿ, ರನ್ ಹೊಡೆದು ವಾಪಸ್ ಬಂದವರು ಅವರು. 38ನೇ ವಯಸ್ಸಿಗೆ ಒಂದು ಸಲ ಮನಸ್ಸಿನಲ್ಲಿದ್ದದ್ದನ್ನು ಹೇಳಿದರೆ ತಪ್ಪೇನು? ಅದಾದ ಮೇಲೆ ಅವರಿಗೆ ಟೆಸ್ಟ್ ಸಿಗಲೇ ಇಲ್ಲ. 1989ರ ಕೊನೆಯ ತನಕ ಒನ್‌ಡೇ ಮಾತ್ರ ಆಡಿದರು, ಆಗಲೂ ಎದೆ ತೆರೆದೇ ನಿಲ್ಲುತ್ತಿದ್ದರು, ಫೀಲ್ಡಿಂಗ್‌ಗೆ ನಿಂತಾಗ ಜೇಬಿನಲ್ಲಿ ಅವರ ಗುರುತೇ ಆಗಿದ್ದ ಕೆಂಪು ಕರ್ಚೀಫೂ ಇರುತ್ತಿತ್ತು.