ರಿಪ್ಲೇಸ್ ಕೆಟ್ಟಿಲ್ಲ, ಸ್ವಾಮಿ

"ಸರ್, ರಿಪ್ಲೇಸ್ ವರ್ಕ್ ಆಗ್ತಿಲ್ಲ, ಯಾಕೆ?"

ಪುಣೆಯ ಕನ್ನಡದವರಲ್ಲಿ ಯಾರ ಮನೆಯ ಮಕ್ಕಳು ಪ್ರೋಗ್ರಾಮ್ ಬರೆಯುವ ಭಾಷೆ ಪೈಥಾನ್ ಕಲಿಯಲು ಕ್ಲಾಸಿಗೆ ಸೇರಿದರೂ ಎರಡನೇ ವಾರಕ್ಕೆ ನನಗೆ ಫೋನ್ ಬರುತ್ತದೆ. ಹಿಂಜವಡಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರೂ ಸರಿ, ಊಟಕ್ಕೆ ಕೂತಿದ್ದರೂ ಸರಿ, ಪ್ರಶ್ನೆ ಇದೇ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಈ ಲಿಂಕ್ ಕಳಿಸುತ್ತೇನೆ, ಓದಿಕೊಳ್ಳಿ.

ರಿಪ್ಲೇಸ್ ಅಂದರೆ ಬರಹದಲ್ಲಿ ಒಂದು ಪದದ ಜಾಗಕ್ಕೆ ಇನ್ನೊಂದನ್ನು ಹಾಕುವ ಪೈಥಾನ್ ಆಜ್ಞೆ. ಅದು ತನ್ನ ಕೆಲಸ ಮಾಡಿದೆ. ಅದು ಕೊಟ್ಟದ್ದನ್ನು ನೀವು ತೆಗೆದುಕೊಂಡಿಲ್ಲ, ಅಷ್ಟೇ.

ಪೈಥಾನ್‌ನಲ್ಲಿ ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸರ, ಹುಟ್ಟಿದ ಮೇಲೆ ಬದಲಾಗುವುದಿಲ್ಲ. ರಿಪ್ಲೇಸ್, ಇಂಗ್ಲಿಷ್ ಅಕ್ಷರ ದೊಡ್ಡದು ಮಾಡುವ ಅಪ್ಪರ್, ಅಂಚಿನ ಖಾಲಿ ಜಾಗ ತೆಗೆಯುವ ಸ್ಟ್ರಿಪ್, ಯಾವುದನ್ನೇ ಕರೆಯಿರಿ, ಹಳೆಯದನ್ನು ಮುಟ್ಟದೆ ಹೊಸದೊಂದನ್ನು ಮಾಡಿ ಕೈಗಿಡುತ್ತದೆ. ಜಾವಾ ಅನ್ನೋ ಇನ್ನೊಂದು ಭಾಷೆಯಲ್ಲೂ ಇದೇ ಕತೆ. ಆ ಹೊಸದಕ್ಕೆ ಒಂದು ಹೆಸರು ಕೊಟ್ಟು ಇಟ್ಟುಕೊಳ್ಳಬೇಕಾದವರು ನೀವು. ಝೆರಾಕ್ಸ್ ಅಂಗಡಿಯವನು ತಪ್ಪು ತಿದ್ದಿ ಹೊಸ ಪ್ರತಿ ತೆಗೆದುಕೊಟ್ಟ, ನೀವು ಅದನ್ನು ಕೌಂಟರ್ ಮೇಲೇ ಬಿಟ್ಟು ಹಳೇ ಹಾಳೆ ಹಿಡಿದು ಮನೆಗೆ ಬಂದಿರಿ. ಈಗ ಅವನಿಗೆ ಬೈದರೆ ಹೇಗೆ?

ನನಗೆ ಸಿಟ್ಟು ಬರುವುದು ಆ "ವರ್ಕ್ ಆಗ್ತಿಲ್ಲ" ಅನ್ನೋ ಮಾತಿಗೆ. ಕೋಥ್ರುಡ್‌ನಲ್ಲಿ ಒಂದು ಗೃಹಪ್ರವೇಶ. ಎಲೆಗೆ ಹೋಳಿಗೆ ಬಿದ್ದಿದೆ, ತುಪ್ಪ ಇನ್ನೂ ಬರಬೇಕು. ಧಾರವಾಡ ಕಡೆಯ ಹಿರಿಯರೊಬ್ಬರು ಪಕ್ಕದಿಂದ ಮೊಬೈಲ್ ಚಾಚಿ, "ನಮ್ಮ ಹುಡುಗನ ಪೈಥಾನ್ ಕೆಟ್ಟೈತಿ, ಸ್ವಲ್ಪ ನೋಡ್ರಿ" ಅಂದರು. ಕೆಟ್ಟೈತಿ! ಮಿಕ್ಸಿ ಕೆಟ್ಟಹಾಗೆ! ಹುಡುಗ ಅಪ್ಪನ ಅಂಗಡಿಯ ಗಿರಾಕಿಗಳ ವಿಳಾಸದಲ್ಲಿ ಬಾಂಬೆ ಅಂತ ಇದ್ದಲ್ಲೆಲ್ಲ ಮುಂಬೈ ಮಾಡಲು ಹೊರಟಿದ್ದ. ರಿಪ್ಲೇಸ್ ಬರೆದಿದ್ದ, ಬಂದ ಉತ್ತರವನ್ನು ಎಲ್ಲೂ ಇಟ್ಟುಕೊಂಡಿರಲಿಲ್ಲ. ಸರ್ಕಾರ 1995ರಲ್ಲೇ ಬದಲಾಯಿಸಿದ ಹೆಸರು ಇವನ ಪ್ರೋಗ್ರಾಮ್‌ನಲ್ಲಿ ಇನ್ನೂ ಬದಲಾಗಿಲ್ಲ ಅಂತ ನಾನು ನಕ್ಕೆ. ಅವರು ನಗಲಿಲ್ಲ. ಎಡಗೈಯಲ್ಲಿ ಟೈಪ್ ಮಾಡಿ ಸರಿಮಾಡಿ ಕೊಡುವಷ್ಟರಲ್ಲಿ ತುಪ್ಪದವನು ಮುಂದಿನ ಸಾಲಿಗೆ ಹೋಗಿದ್ದ. ಇದನ್ನು ನಾನು ಮರೆತಿಲ್ಲ.

ಇನ್ಪುಟ್‌ನಿಂದ ಬಂದದ್ದು, ಅಂದರೆ ಬಳಸುವವರು ಟೈಪ್ ಮಾಡಿದ್ದು, ಅಂಕಿಯಂತೆ ಕಂಡರೂ ಸ್ಟ್ರಿಂಗೇ, ಅದಕ್ಕೇ 2ಕ್ಕೆ 2 ಕೂಡಿಸಿದರೆ ಅಕ್ಕಪಕ್ಕ ಅಂಟಿಕೊಂಡು 22 ಬರುತ್ತದೆ. ಇದನ್ನೂ ಕೇಳಬೇಡಿ.

ಇಷ್ಟೆಲ್ಲ ಕೇಳುವವರು ಒಬ್ಬರಾದರೂ "ಕನ್ನಡ ಅನ್ನೋ ಪದದ ಉದ್ದ ಎಷ್ಟು?" ಅಂತ ಕೇಳಬಾರದಾ? ನಾವು ಎಣಿಸಿದರೆ ಮೂರು ಅಕ್ಷರ. ಉದ್ದ ಎಣಿಸುವ ಪೈಥಾನ್ ಆಜ್ಞೆ ಲೆನ್ ಹಾಕಿ ನೋಡಿ, 5 ಅನ್ನುತ್ತದೆ. ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ, ನಡುವೆ ಹಲಂತ ಕೂತರೆ ಅದೇ ಒತ್ತು. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಫೈಲಿಗೆ ಬರೆದರೆ ಒಂದೊಂದಕ್ಕೆ 3 ಬೈಟ್, ಒಟ್ಟು 15. ಒಂದೇ ಪದಕ್ಕೆ ಮೂರು ಉದ್ದ, ಮೂರೂ ಸರಿ!

ಪದವನ್ನು ಹಿಂದುಮುಂದಾಗಿ ತಿರುಗಿಸಿದರೆ ಇನ್ನೂ ಮಜಾ. ಕನ್ನಡ ತಿರುಗಿಸಿದರೆ ಡನ್ನಕ, ಅದೃಷ್ಟಕ್ಕೆ ಸರಿಯಾಗೇ ಬರುತ್ತದೆ. ನವಜೀವನ ತಿರುಗಿಸಿ, ನವೀಜವನ ಆಗುತ್ತದೆ. ದೀರ್ಘದ ಗುರುತು ಜ ಬಿಟ್ಟು ವ ಮೇಲೆ ಹೋಗಿ ಕೂರುತ್ತದೆ. ಹಿಂದೆಮುಂದೆ ಒಂದೇ ಥರ ಓದುವ ಪದ ಹುಡುಕಲು ನಾನೊಂದು ಪ್ರೋಗ್ರಾಮ್ ಬರೆದಿದ್ದೆ. ಕನಕ ಪಾಸಾಯಿತು. ವಿಕಟಕವಿ ಫೇಲು! ತೆನಾಲಿ ರಾಮನ ಬಿರುದನ್ನೇ ಫೇಲು ಮಾಡಿದ ಪ್ರೋಗ್ರಾಮ್ ನನ್ನದು, ಮತ್ತೆ ನಾನು ಆ ಹುಡುಗನನ್ನು ನೋಡಿ ನಗುತ್ತೇನೆ.

ಆಮೇಲೆ ಸರಿಮಾಡಿದೆ. ಪ್ರತಿ ಅಕ್ಷರಕ್ಕೆ ಅದರ ಕಾಗುಣಿತ, ಒತ್ತು ಎಲ್ಲ ಸೇರಿಸಿ ಮೊದಲು ಒಂದೊಂದು ಗಂಟು ಕಟ್ಟಬೇಕು, ಆಮೇಲೆ ಗಂಟುಗಳನ್ನು ತಿರುಗಿಸಬೇಕು. ಜಾಸ್ತಿ ಸಾಲೇನೂ ಆಗಲಿಲ್ಲ. ಬೇಕಾದವರು ಕೇಳಿ, ಕಳಿಸುತ್ತೇನೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಎತ್ತುತ್ತೇನೆ. ರಿಪ್ಲೇಸ್ ಅಂದರೆ ಮಾತ್ರ ಇಟ್ಟುಬಿಡುತ್ತೇನೆ.