ಮೆಡಿಕಲ್ ಪದಗಳನ್ನು ಬಾಲದಿಂದ ಹಿಡಿಯಿರಿ

ಡಾಕ್ಟರುಗಳು ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವುದು ನನ್ನ ಕೆಲಸ, ಅಂದರೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಹೊಸದಾಗಿ ಸೇರಿದವರು ಪದಗಳ ಪಟ್ಟಿ ಹಿಡಿದು ಬಾಯಿಪಾಠ ಮಾಡಲು ಕೂರುತ್ತಾರೆ. ಸುಮ್ನೆ ತಲೆನೋವು. ಹೆಚ್ಚಿನವು ಗ್ರೀಕ್ ತುಂಡುಗಳನ್ನು ಜೋಡಿಸಿದ ಪದಗಳು. ಬಿಡಿಸಲು ಬಂದರೆ ಸಾಕು, ಅದೂ ಕೊನೆಯಿಂದ.

ಕೋಲಿಸಿಸ್ಟೆಕ್ಟಮಿ ತಗೊಳ್ಳಿ. 'ಎಕ್ಟಮಿ' ಅಂದರೆ ಕೊಯ್ದು ತೆಗೆಯುವುದು. 'ಸಿಸ್ಟ್' ಚೀಲ, 'ಕೋಲಿ' ಪಿತ್ತ. ಪಿತ್ತಕೋಶ ತೆಗೆದಿದ್ದಾರೆ, ಅಷ್ಟೇ. ಬಾಲ ಬದಲಾದರೆ ಆಪರೇಷನ್ನೇ ಬೇರೆ. 'ಆಟಮಿ' ಅಂದರೆ ಬರೀ ಕೊಯ್ಯುವುದು. 'ಆಸ್ಟಮಿ' ಅಂದರೆ ಹೊಸ ಬಾಯಿ ಮಾಡುವುದು, ಯಾಕೆಂದರೆ ಗ್ರೀಕಿನಲ್ಲಿ 'ಸ್ಟೋಮಾ' ಬಾಯಿ. ಕೊಲೆಕ್ಟಮಿಯಲ್ಲಿ ದೊಡ್ಡ ಕರುಳನ್ನು ತೆಗೆಯುತ್ತಾರೆ. ಕೊಲಾಸ್ಟಮಿಯಲ್ಲಿ ಅದನ್ನು ಹೊಟ್ಟೆಯ ಮೇಲೆ ತೆರೆದಿಡುತ್ತಾರೆ. ಅವಸರದಲ್ಲಿ ಮಾತಾಡುವ ಡಾಕ್ಟರು ನುಂಗುವುದೂ ಈ ಬಾಲವನ್ನೇ!

ಗ್ಯಾಸ್ಟ್ರೋ (ಜಠರ) ಜೊತೆ 'ಐಟಿಸ್' (ಉರಿಯೂತ) ಸೇರಿದರೆ ಗ್ಯಾಸ್ಟ್ರೈಟಿಸ್, 'ಓ' ಬಿದ್ದುಹೋಗುತ್ತದೆ. ನಮ್ಮ ಲೋಪಸಂಧಿಯೇ ಅಲ್ವಾ? ಆದರೆ ಗ್ಯಾಸ್ಟ್ರೋಎಂಟರೈಟಿಸ್‌ನಲ್ಲಿ ಜಠರ, ಕರುಳು ಎಂಬ ಎರಡು ಅಂಗಗಳ ಹೆಸರು ಕೂಡಿವೆ, ಅಲ್ಲಿ 'ಓ' ಉಳಿಯುತ್ತದೆ.

ಉಚ್ಚಾರಣೆ ಕಾಡುವುದು ಸ್ಪೆಲ್ಲಿಂಗ್ ಹುಡುಕುವಾಗ. ಕನ್ನಡದ ಅಭ್ಯಾಸ ನಮ್ಮದು, ಕೇಳಿದ ಹಾಗೆ ಬರೆಯುತ್ತೇವೆ. ನ್ಯುಮೋನಿಯಾ ಎಲ್ಲರಿಗೂ ಗೊತ್ತು, ಅದರ ಮೊದಲ 'ಪಿ' ಮೂಕ. ರೆಪ್ಪೆ ಜೋತುಬೀಳುವ 'ಟೋಸಿಸ್' ಕೂಡ 'ಪಿ'ಯಿಂದಲೇ ಶುರು. ಡಿಕ್ಷನರಿಯಲ್ಲಿ 'ಟಿ' ಪುಟಗಳಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅದೇ 'ಪಿ' ಪದದ ನಡುವೆ ಬಂದರೆ ಬಾಯಿ ಬಿಡುತ್ತದೆ: ಆಪ್ನಿಯಾ (ಉಸಿರು ನಿಲ್ಲುವುದು), ಹಿಮಾಪ್ಟಿಸಿಸ್ (ಕೆಮ್ಮಿದಾಗ ರಕ್ತ ಬರುವುದು). ಬಾಯಿ ಒಣಗುವ ಝೀರೋಸ್ಟೋಮಿಯಾ ಇರುವುದು 'ಎಕ್ಸ್' ಅಕ್ಷರದಲ್ಲಿ.

ಇಷ್ಟೆಲ್ಲ ಗೊತ್ತಿದ್ದರೂ ಕೈಕೊಡುವ ಜೋಡಿಯೊಂದಿದೆ: ಡಿಸ್ಫೇಜಿಯಾ ಮತ್ತು ಡಿಸ್ಫೇಷಿಯಾ. ಮೊದಲನೆಯದು ನುಂಗಲು ಕಷ್ಟ, ಎರಡನೆಯದು ಮಾತಿನ ತೊಂದರೆ. ಹೆಡ್‌ಫೋನ್‌ನಲ್ಲಿ ಎರಡೂ ಒಂದೇ. ಹಿಂದುಮುಂದಿನ ಮಾತು ನೋಡಬೇಕು. ಬೇರಿಯಂ ಪರೀಕ್ಷೆ (ಬೇರಿಯಂ ದ್ರವ ನುಂಗಿಸಿ ಎಕ್ಸ್‌ರೇ ತೆಗೆಯುವುದು) ಬರೆದಿದ್ದರೆ ನುಂಗುವ ವಿಷಯವೇ ಇರಬೇಕು. ಸ್ಟ್ರೋಕ್ ಅಂತಿದ್ದರೆ ಮಾತ್ರ ಊಹೆ ಮಾಡಬೇಡಿ, ಅದರಲ್ಲಿ ಎರಡೂ ಬರಬಹುದು. ಜಾಗ ಖಾಲಿ ಬಿಟ್ಟು, ಆಡಿಯೋದ ಸಮಯ ಗುರುತು ಹಾಕಿ, ಡಾಕ್ಟರನ್ನೇ ಕೇಳಿಸಿ.